ಬೆನ್ನಿಗೊಂದು ಚೀಲ, ಕೈಗೊಂದು ನೂಲು: ಲಾವೋಸ್‌ನಲ್ಲಿ ನಾವಿಬ್ಬರು

ಪ್ರವಾಸ ಎಂದರೆ ನಮ್ಮಲ್ಲಿ ಬಹುಮಂದಿ ಗೃಹಿಣಿಯರಿಗೆ ಎರಡೇ ಅರ್ಥ. ಒಂದು, ಧರ್ಮಸ್ಥಳ, ಶೃಂಗೇರಿ, ತಿರುಪತಿ. ಇನ್ನೊಂದು, ಮಗನೋ ಮಗಳೋ ಇರುವ ಊರು. ಮೊದಲನೆಯದಕ್ಕೆ ಹೊರಟಾಗ ಪುಳಿಯೋಗರೆಯ ಡಬ್ಬಿ, ಚಪಾತಿಯ ಗಂಟು, ಹೊದಿಕೆ, ಮಾತ್ರೆಗಳ ಪೊಟ್ಟಣ ಎಲ್ಲವನ್ನೂ ನೆನಪಿಟ್ಟು ಕಟ್ಟುವವರು ನಾವೇ. ಎರಡನೆಯದಕ್ಕೆ ಹೋದರೆ ಮರುದಿನ ಬೆಳಿಗ್ಗೆಯೇ ಅಲ್ಲಿಯ ಅಡಿಗೆಮನೆ ಸೇರುವವರೂ ನಾವೇ! ಯಾವ ಹರಕೆಯೂ ಇಲ್ಲದೆ, ಯಾವ ನೆಂಟರ ಮನೆಗೂ ಅಲ್ಲದೆ, ಗಂಡ ಹೆಂಡತಿ ಇಬ್ಬರೇ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟರೆ ಹೇಗಿರುತ್ತದೆ? "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂದು ನೆರೆಮನೆಯವರು ಕೇಳುವ ಮೊದಲೇ ನಮ್ಮನ್ನು ನಾವೇ ಕೇಳಿಕೊಂಡು ಸುಮ್ಮನಾಗಿಬಿಡುತ್ತೇವೆ, ಅಲ್ಲವೇ?

ನಮ್ಮವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ವರ್ಷ ನಾವಿಬ್ಬರೂ ಹಾಗೆ ಹೊರಟೆವು. ಇಪ್ಪತ್ತೆರಡು ದಿನ ಲಾವೋಸ್ ದೇಶದಲ್ಲಿದ್ದು ಬಂದೆವು. ಅಲ್ಲಿ ಕಂಡ ಬೆಟ್ಟ, ನದಿ, ಗುಡಿಗಳ ಜೊತೆಗೆ, ಅಲ್ಲಿಯ ಹೆಣ್ಣುಮಕ್ಕಳು ದಿನವೂ ಮಾಡುವ ಸಣ್ಣಸಣ್ಣ ಕೆಲಸಗಳ ಬಗ್ಗೆಯೂ ನಿಮಗೆ ಹೇಳಬೇಕು. ಒಡೆದುಹೋದ ನಾಡೊಂದನ್ನು ಆ ಕೆಲಸಗಳೇ ಹೇಗೆ ಕೂಡಿಸಿ ಹಿಡಿದಿವೆ ಎಂಬುದು ನೋಡುವಂಥದ್ದು.

ಎಲ್ಲಿದೆ ಈ ಲಾವೋಸ್?

ಥಾಯ್ಲೆಂಡ್, ವಿಯೆಟ್ನಾಂ, ಚೀನಾ, ಮ್ಯಾನ್ಮಾರ್, ಕಾಂಬೋಡಿಯಾ ಈ ಐದೂ ದೇಶಗಳ ನಡುವೆ ಸಿಕ್ಕಿಕೊಂಡಿರುವ ನಾಡು ಇದು. ಸಮುದ್ರವೇ ಇಲ್ಲ. ವಿಸ್ತೀರ್ಣ ಸುಮಾರು 2,36,800 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಆದರೆ ಜನ ಎಷ್ಟು ಗೊತ್ತೇನು? ಮುಕ್ಕಾಲು ಕೋಟಿಯ ಆಸುಪಾಸು, ಅಷ್ಟೇ! ನಮ್ಮ ಬೆಂಗಳೂರು ಒಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಉಳಿದದ್ದೆಲ್ಲ ಬೆಟ್ಟ, ಕಾಡು, ನದಿ.

1353ರಲ್ಲಿ ಫಾ ಙುಮ್ ಎಂಬ ರಾಜ ಇಲ್ಲಿ ಕಟ್ಟಿದ ರಾಜ್ಯಕ್ಕೆ 'ಲಾನ್ ಸಾಂಗ್' ಎಂದು ಹೆಸರು. 'ಹತ್ತು ಲಕ್ಷ ಆನೆಗಳ ನಾಡು' ಎಂದು ಅದರ ಅರ್ಥ. 1893ರಿಂದ ಫ್ರೆಂಚರ ಆಳ್ವಿಕೆ, 1953ರಲ್ಲಿ ಸ್ವಾತಂತ್ರ್ಯ, ಆಮೇಲೆ ಒಳಜಗಳ, ಯುದ್ಧ. 1975ರ ಡಿಸೆಂಬರ್ 2ರಂದು ಅರಸೊತ್ತಿಗೆ ಹೋಗಿ ಕಮ್ಯೂನಿಸ್ಟ್ ಸರ್ಕಾರ ಬಂದಿತು. ರಾಜಧಾನಿ ವಿಯೆಂಟಿಯಾನ್. ಅಲ್ಲಿಯವರ ಬಾಯಲ್ಲಿ ಅದು 'ವಿಯೆಂಗ್ ಚಾನ್'. ಚಾನ್ ಎಂದರೆ ಚಂದನ, ಅದು ಶ್ರೀಗಂಧದ ಊರು ಎಂದು ಹೇಳುತ್ತಾರೆ. ಗಂಧದ ನಾಡಿನಿಂದ ಹೋದ ನಮಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಕೆ!

ಇನ್ನೊಂದು ನಂಟೂ ಉಂಟು. ಅವರಿಗೂ ಒಂದು ರಾಮಾಯಣವಿದೆ. ಅದರ ಹೆಸರು 'ಫ್ರ ಲಕ್ ಫ್ರ ಲಾಮ್'. ಲಕ್ ಎಂದರೆ ಲಕ್ಷ್ಮಣ, ಲಾಮ್ ಎಂದರೆ ರಾಮ. ತಮ್ಮನ ಹೆಸರು ಮೊದಲು, ಅಣ್ಣನದು ಆಮೇಲೆ! ದಕ್ಷಿಣದ ಚಂಪಾಸಕ್ ಪ್ರಾಂತದಲ್ಲಿ ವಾಟ್ ಫು ಎಂಬ ಪುರಾತನ ಶಿವಾಲಯವಿದೆ. ಅದರ ಹಿಂದಿನ ಬೆಟ್ಟದ ತುದಿಯಲ್ಲಿ ಪ್ರಕೃತಿಯೇ ನಿಲ್ಲಿಸಿದ ಲಿಂಗದಂಥ ಬಂಡೆ ಇರುವುದರಿಂದ ಹಿಂದಿನವರು ಆ ಬೆಟ್ಟವನ್ನು ಲಿಂಗಪರ್ವತ ಎಂದೇ ಕರೆದರು. ಅದರ ಜೀರ್ಣೋದ್ಧಾರಕ್ಕೆ ನಮ್ಮ ಭಾರತದ ಪುರಾತತ್ತ್ವ ಇಲಾಖೆಯೂ ಕೈಜೋಡಿಸಿದೆ.

ಏಳು ಕಿಲೋ ಸಂಸಾರ

ಹೊರಡುವ ಮುನ್ನ ನಾವು ಮಾಡಿಕೊಂಡ ಕರಾರು ಎರಡು. ಒಬ್ಬೊಬ್ಬರ ಚೀಲ ಏಳು ಕಿಲೋ ದಾಟಬಾರದು. ಅವರವರ ಬಟ್ಟೆ ಅವರವರೇ ಒಗೆದುಕೊಳ್ಳಬೇಕು. ಎರಡನೆಯದು ನನ್ನ ಕರಾರು ಎಂದು ಬೇರೆ ಹೇಳಬೇಕಿಲ್ಲ!

ಮೂರು ಜೊತೆ ಹತ್ತಿ ಬಟ್ಟೆ, ಒಂದು ಸ್ವೆಟರ್, ಒಂದು ತೆಳು ಟವಲು, ರಬ್ಬರ್ ಚಪ್ಪಲಿ, ನಡೆಯಲು ಒಂದು ಜೊತೆ ಬೂಟು, ಬಿ.ಪಿ. ಮಾತ್ರೆ, ಟಾರ್ಚು, ಸೂಜಿದಾರ, ಒಂದು ಪೊಟ್ಟಣ ಚಟ್ನಿಪುಡಿ. ಮುಗಿಯಿತು. "ಏನ್ರೀ, ಇಷ್ಟರಲ್ಲೇ ಮೂರು ವಾರ ಕಳೆಯೋದೇನ್ರೀ?" ಅಂದೆ. "ಇನ್ನೇನು ಬೇಕು ಹೇಳು, ತೆಗೆದುಕೊಂಡು ಹೋಗೋಣ" ಅಂದರು. ಯೋಚಿಸಿದರೆ ಹೇಳಲು ಏನೂ ಹೊಳೆಯಲಿಲ್ಲ.

ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನ. ಅಲ್ಲಿಂದ ವಿಯೆಂಟಿಯಾನ್‌ಗೆ ಒಂದು ರಾತ್ರಿಯ ರೈಲು. ಈ ನೇರ ರೈಲು 2024ರ ಜುಲೈನಲ್ಲಿ ಶುರುವಾಯಿತು. ವಿಯೆಂಟಿಯಾನ್‌ನಿಂದ ಉತ್ತರಕ್ಕೆ ಚೀನಾದ ಗಡಿಯವರೆಗೆ 2021ರ ಡಿಸೆಂಬರ್‌ನಲ್ಲಿ ಹೊಸ ರೈಲುಮಾರ್ಗ ತೆರೆದಿದ್ದಾರೆ. ಮೊದಲು ಇಡೀ ದಿನ ಬಸ್ಸಿನಲ್ಲಿ ಕುಲುಕಿಕೊಂಡು ಹೋಗಬೇಕಿದ್ದ ಲುವಾಂಗ್ ಪ್ರಬಾಂಗ್ ಈಗ ಎರಡು ತಾಸಿನ ದಾರಿ. ಸುರಂಗದ ಮೇಲೆ ಸುರಂಗ. ಒಂದರಿಂದ ಹೊರಬಂದು ಗದ್ದೆ ನೋಡಿ "ಆಹಾ" ಅನ್ನುವಷ್ಟರಲ್ಲಿ ಇನ್ನೊಂದು ಸುರಂಗ!

ಅಲ್ಲಿಯ ಹಣಕ್ಕೆ ಕಿಪ್ ಎಂದು ಹೆಸರು. ನಮ್ಮ ಒಂದು ರೂಪಾಯಿಗೆ ಇನ್ನೂರಕ್ಕೂ ಹೆಚ್ಚು ಕಿಪ್ ಬರುತ್ತದೆ. ಹೀಗಾಗಿ ಇಬ್ಬರ ಊಟಕ್ಕೆ ಎಂಬತ್ತು ಸಾವಿರ ಎಂದಾಗ ಎದೆ ಝಲ್ ಎನ್ನುತ್ತದೆ. ಲೆಕ್ಕ ಹಾಕಿದರೆ ಮುನ್ನೂರ ಚಿಲ್ಲರೆ ರೂಪಾಯಿ! ಆದರೆ ನಗುವ ಮೊದಲು ಇದನ್ನೂ ತಿಳಿಯಬೇಕು. 2022ರಿಂದೀಚೆಗೆ ಅವರ ಹಣದ ಬೆಲೆ ಬಿದ್ದು, ಅಕ್ಕಿ ಎಣ್ಣೆ ಕೊಳ್ಳಲು ಅಲ್ಲಿಯ ಮನೆಯೊಡತಿ ಪಟ್ಟ ಪಾಡು ಸಣ್ಣದಲ್ಲ.

'ಊಟ ಆಯ್ತಾ?'

ಲಾವೋ ಭಾಷೆಯಲ್ಲಿ ನಮಸ್ಕಾರಕ್ಕೆ 'ಸಬಾಯ್ ದೀ', ಕೃತಜ್ಞತೆಗೆ 'ಖೋಪ್ ಚಾಯ್'. ಆದರೆ ಸ್ವಲ್ಪ ಪರಿಚಯವಾದ ಮೇಲೆ ಅವರು ಕೇಳುವುದು ಬೇರೆಯೇ. 'ಕಿನ್ ಖಾವ್ ಲೇವ್ ಬೋ?' ಅಂದರೆ, 'ಅನ್ನ ಉಂಡಾಯ್ತಾ?' ದಾರಿಯಲ್ಲಿ ಸಿಕ್ಕವರನ್ನು "ಊಟ ಆಯ್ತಾ?" ಎಂದು ಕೇಳುವ ನಮ್ಮ ಅಭ್ಯಾಸವನ್ನು ಹೊರಗಿನವರು ನೋಡಿ ನಗುವುದುಂಟು. ಅಲ್ಲಿ ಮಾತ್ರ ನಮಗೆ ತವರಿನ ಮಾತು ಕೇಳಿದ ಹಾಗಾಯಿತು. ಅಪರಿಚಿತರನ್ನು ಕರೆಯುವುದೂ ನಮ್ಮ ಹಾಗೆಯೇ. ವಯಸ್ಸಾದ ಹೆಂಗಸು 'ಮೇ', ಅಂದರೆ ತಾಯಿ. ನಮಗಿಂತ ಹಿರಿಯ ಗಂಡಸು 'ಆಯ್', ಅಣ್ಣ. ಕಿರಿಯರು 'ನೋಂಗ್', ತಮ್ಮನೋ ತಂಗಿಯೋ. ನದಿಗೂ ಅವರು 'ಮೇ ನಾಮ್' ಎನ್ನುತ್ತಾರೆ. ನಾಮ್ ಎಂದರೆ ನೀರು, ಮೇ ನಾಮ್ ಎಂದರೆ ನೀರಿನ ತಾಯಿ. ಮೆಕಾಂಗ್ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಕಾವೇರಿಯನ್ನು ತಾಯಿ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಅವರ ಅನ್ನ ಅಂಟಕ್ಕಿಯದು, 'ಖಾವ್ ನ್ಯಾವ್'. ರಾತ್ರಿಯೇ ಅಕ್ಕಿ ನೆನೆಹಾಕುತ್ತಾರೆ. ಬೆಳಗಿನ ಜಾವ ಕತ್ತು ಕಿರಿದಾದ ಪಾತ್ರೆಯಲ್ಲಿ ನೀರು ಕುದಿಸಿ, ಅದರ ಬಾಯಿಗೆ ಶಂಕುವಿನಾಕಾರದ ಬಿದಿರು ಬುಟ್ಟಿ ಸಿಕ್ಕಿಸಿ, ಬರೀ ಹಬೆಯಲ್ಲಿ ಅಕ್ಕಿಯನ್ನು ಬೇಯಿಸುತ್ತಾರೆ. ನಡುವೆ ಒಮ್ಮೆ ಬುಟ್ಟಿಯನ್ನೇ ಕುಲುಕಿ ಅನ್ನದ ಮುದ್ದೆಯನ್ನು ಮಗುಚಿಹಾಕುವ ಆ ಕೈಚಳಕ ನೋಡಬೇಕು, ನಮ್ಮವರು ದೋಸೆ ಮಗುಚಿದ ಹಾಗೆ! ಬೆಂದ ಅನ್ನವನ್ನು ಮುಚ್ಚಳದ ಬಿದಿರು ಡಬ್ಬಿಗೆ ತುಂಬಿದರೆ ಸಂಜೆಯವರೆಗೂ ಮೆತ್ತಗಿರುತ್ತದೆ. ತಟ್ಟೆ ಚಮಚಗಳ ಗೊಡವೆ ಇಲ್ಲ. ಬಲಗೈ ಬೆರಳಲ್ಲಿ ಸಣ್ಣ ಉಂಡೆ ಮಾಡಿ, ಗೊಜ್ಜಿಗೆ ಒತ್ತಿ ಬಾಯಿಗೆ. ಮುದ್ದೆ ಉಣ್ಣುವ ನಮಗೆ ಯಾರೂ ಕಲಿಸಬೇಕಾಗಲಿಲ್ಲ.

ಸಸ್ಯಾಹಾರಿಗಳ ಗತಿ ಏನು ಅಂತೀರಾ? ಕಷ್ಟ, ಆದರೆ ಅಸಾಧ್ಯವಲ್ಲ. ಮೀನು ಹುದುಗಿಸಿ ಮಾಡುವ 'ಪಾ ಡೇಕ್' ಅವರ ಅಡಿಗೆಗೆಲ್ಲ ಬೀಳುತ್ತದೆ, ನಮ್ಮಲ್ಲಿ ಇಂಗಿನ ಒಗ್ಗರಣೆ ಬಿದ್ದ ಹಾಗೆ. 'ಬೋ ಕಿನ್ ಸೀನ್' (ಮಾಂಸ ತಿನ್ನುವುದಿಲ್ಲ) ಎಂದರೆ ಸಾಲದು. 'ಬೋ ಸೈ ಪಾ ಡೇಕ್' (ಪಾ ಡೇಕ್ ಹಾಕಬೇಡಿ), 'ಬೋ ಸೈ ನಾಮ್ ಪಾ' (ಮೀನಿನ ರಸ ಹಾಕಬೇಡಿ) ಎಂದೂ ಹೇಳಬೇಕು. ಈ ಮೂರು ಮಾತು ನಮ್ಮನ್ನು ಇಪ್ಪತ್ತೆರಡು ದಿನ ಕಾಪಾಡಿದವು. ಅಂಟಕ್ಕಿ ಅನ್ನ, ಸುಟ್ಟ ಬದನೆಯ ಗೊಜ್ಜು, ಬೇಯಿಸಿದ ಸೊಪ್ಪು, ಬಾಳೆಹಣ್ಣು, ಪಪಾಯಿ ಸಿಕ್ಕದ ಊರಿಲ್ಲ. ನದಿಯ ಪಾಚಿಯನ್ನು ತೊಳೆದು, ಹಾಳೆಯಂತೆ ಹರಡಿ, ಎಳ್ಳು, ಬೆಳ್ಳುಳ್ಳಿ, ಟೊಮೇಟೊ ಹಾಕಿ ಒಣಗಿಸುವ 'ಖೈ ಪೇನ್' ಎಂಬ ಹಪ್ಪಳವಂತೂ ನಮ್ಮ ಹಪ್ಪಳ ಸಂಡಿಗೆಯ ತಂಗಿಯೇ ಸರಿ.

ಅನ್ನದ ಬುಟ್ಟಿ ಹಿಡಿದ ಬೆಳಗು

ಲುವಾಂಗ್ ಪ್ರಬಾಂಗ್ ಹಳೆಯ ರಾಜಧಾನಿ. ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳ ಸಂಗಮದಲ್ಲಿದೆ. 1995ರಲ್ಲಿ ಯುನೆಸ್ಕೊ ಇಡೀ ಪಟ್ಟಣವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೆಲದವರೆಗೂ ಇಳಿದ ಮಾಡುಗಳ ವಾಟ್ ಸಿಯೆಂಗ್ ಥೋಂಗ್ ಗುಡಿ 1560ರ ಸುಮಾರಿನದು. ಅದರ ಹಿಂಗೋಡೆಯ ಮೇಲೆ ಗಾಜಿನ ಚೂರುಗಳಲ್ಲಿ ಮೂಡಿಸಿದ ಒಂದು ಮರವಿದೆ. ಸಂಜೆಯ ಬಿಸಿಲು ಬಿದ್ದಾಗ ನೋಡಬೇಕು!

ಆದರೆ ಊರಿನ ನಿಜವಾದ ಸೊಬಗು ಬೆಳಗಿನ ಜಾವದಲ್ಲಿ. ಗುಡಿಯ ನಗಾರಿ ಕೇಳಿಸುವಾಗಲೇ ಹೆಂಗಸರು ಮಿಂದು, ಹೆಗಲಿಗೆ ಶಲ್ಯ ಹಾಕಿಕೊಂಡು, ಬಿಸಿ ಅನ್ನದ ಬುಟ್ಟಿ ಹಿಡಿದು ಮನೆ ಮುಂದಿನ ರಸ್ತೆಬದಿ ಮಂಡಿಯೂರಿ ಕೂರುತ್ತಾರೆ. ಕಾವಿಬಟ್ಟೆಯ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಮುಂದೆ ಹಿರಿಯರು, ಕೊನೆಗೆ ಹತ್ತು ಹನ್ನೆರಡು ವರ್ಷದ ಪುಟ್ಟ ಹುಡುಗರು. ಪ್ರತಿಯೊಬ್ಬರ ಪಾತ್ರೆಗೂ ಒಂದೊಂದು ಚಿಟಿಕೆ ಅನ್ನ. ಮಾತಿಲ್ಲ, ಕತೆಯಿಲ್ಲ. ಇದಕ್ಕೆ 'ತಕ್ ಬಾತ್' ಎನ್ನುತ್ತಾರೆ. ಹಳ್ಳಿಗಾಡಿನ ಎಷ್ಟೋ ಬಡ ಮಕ್ಕಳು ಓದಿಗಾಗಿಯೇ ಗುಡಿ ಸೇರಿದವರು. ನಮ್ಮ ಹಿಂದಿನ ಕಾಲದ ವಾರಾನ್ನದ ಹುಡುಗರು ನೆನಪಾದರು. ಸಾಲಿನ ತುದಿಯಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತ ಬಡ ಮಕ್ಕಳಿಗೆ ಆ ಭಿಕ್ಷುಗಳೇ ತಮ್ಮ ಪಾತ್ರೆಯಿಂದ ಅನ್ನ ತೆಗೆದುಕೊಟ್ಟು ಮುಂದೆ ನಡೆಯುತ್ತಾರೆ. ಪಡೆದವರೇ ಕೊಡುವವರೂ ಆಗುವ ಪದ್ಧತಿ ಇದು.

ನೋಡಲು ಹೋಗುವವರು ರಸ್ತೆಯ ಆಚೆಬದಿ ನಿಲ್ಲಬೇಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಅವರ ಮುಖಕ್ಕೆ ಕ್ಯಾಮೆರಾದ ಬೆಳಕು ಚೆಲ್ಲುವುದಂತೂ ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗೆ.

ಊರಿನಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ ಕ್ವಾಂಗ್ ಸಿ ಜಲಪಾತ. ಸುಣ್ಣಕಲ್ಲಿನ ಮೇಲೆ ಹರಿದು ಬರುವ ನೀರು ಹಂತಹಂತವಾಗಿ ಕೊಳಗಳಾಗಿ ನಿಂತು, ತಿಳಿನೀಲಿ ಬಣ್ಣ ತಾಳಿದೆ. ಅದರ ದಾರಿಯಲ್ಲೇ ಕರಡಿಗಳ ಆಶ್ರಯಧಾಮ. ಎದೆಯ ಮೇಲೆ ಅರ್ಧಚಂದ್ರದ ಗುರುತಿರುವ ಈ ಕರಡಿಗಳನ್ನು ಪಿತ್ತರಸದ ಆಸೆಗೆ ಬೋನಿನಲ್ಲಿಟ್ಟು ಹಿಂಸಿಸುವವರಿದ್ದಾರೆ. ಅವರಿಂದ ಬಿಡಿಸಿ ತಂದ ಕರಡಿಗಳು ಇಲ್ಲಿ ಜೋಕಾಲಿಯ ಮೇಲೆ ಮಲಗಿ ಬಿಸಿಲು ಕಾಯಿಸುತ್ತಿರುತ್ತವೆ.

ಮನೆ ಕಿರಿಮಗಳಿಗೆ, ಅಂಚು ಹೊಸ ಬಟ್ಟೆಗೆ

ಪಟ್ಟಣದ ಹೊರಗೆ ಬಾನ್ ಫನೋಮ್, ಬಾನ್ ಸಾಂಗ್ ಖೋಂಗ್ ಎಂಬ ನೇಕಾರರ ಹಳ್ಳಿಗಳಿವೆ. ಕಂಬಗಳ ಮೇಲೆ ನಿಂತ ಮನೆಗಳ ಕೆಳಗೆ, ನೆರಳಿನಲ್ಲಿ, ಮಗ್ಗದ ಸದ್ದು. ನೇಯುವವರೆಲ್ಲ ಹೆಂಗಸರೇ. ಅಲ್ಲಿಯ ಹೆಂಗಸರು ಉಡುವುದು 'ಸಿನ್' ಎಂಬ ಲುಂಗಿಯಂಥ ಉಡುಪು. ಅದರ ಕೆಳಅಂಚನ್ನು ಬೇರೆಯಾಗಿ ನೇಯ್ದು ಆಮೇಲೆ ಮೈಗೆ ಹೊಲಿಯುತ್ತಾರೆ. ನಮ್ಮ ಇಳಕಲ್ ಸೀರೆಗೆ ಸೆರಗಿನ ಹಾಸನ್ನು ಬೇರೆ ಮಾಡಿ ಕೂಡಿಸುವುದು ಗೊತ್ತಲ್ಲ, ಆ ಜಾಣ್ಮೆಯ ಇನ್ನೊಂದು ಬಗೆ. ಉಟ್ಟು ಉಟ್ಟು ಮೈ ಹಳತಾದರೆ ಚಂದದ ಅಂಚನ್ನು ಬಿಚ್ಚಿ ಹೊಸ ಬಟ್ಟೆಗೆ ಹಾಕುತ್ತಾರೆ. ಅಜ್ಜಿಯ ಅಂಚು ಮೊಮ್ಮಗಳ ಸಿನ್‌ಗೆ ಬರುತ್ತದೆ. ನಾಗನ ಚಿತ್ತಾರ ಅವರಿಗೆ ಬಲು ಪ್ರೀತಿ. ಈ ನಾಗಚಿತ್ತಾರದ ನೇಯ್ಗೆಯನ್ನು 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಇನ್ನೊಂದು ಸಂಗತಿ ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಬಯಲಿನ ಲಾವೋ ಜನರಲ್ಲಿ ಮದುವೆಯಾದ ಮೇಲೆ ಗಂಡನೇ ಹೆಂಡತಿಯ ಮನೆಗೆ ಬರುವುದು ರೂಢಿ. ತಂದೆತಾಯಿಯರ ಮನೆ ಬಹುಮಟ್ಟಿಗೆ ಕಿರಿಮಗಳಿಗೆ. ಅವರ ಕೊನೆಗಾಲದ ಆರೈಕೆಯೂ ಅವಳದೇ. ನಾವು 'ಮನೆಅಳಿಯ' ಎಂದು ಆಡಿಕೊಳ್ಳುವ ಪದ್ಧತಿ ಅಲ್ಲಿ ಮನೆಮನೆಯ ಮಾತು. "ಹಾಗಾದರೆ ಹೆಂಗಸರಿಗೆ ಸುಖವೇ?" ಎಂದು ಕೇಳುವಿರಿ. ತವರು ಬಿಟ್ಟು ಹೋಗುವ ಕಣ್ಣೀರು ಇಲ್ಲ, ಸರಿ. ಆದರೆ ಗದ್ದೆ, ಮಗ್ಗ, ಅಡಿಗೆ, ಸಂತೆ ನಾಲ್ಕೂ ಅವಳ ತಲೆಯ ಮೇಲೇ. ಬೆಳಗಿನ ಸಂತೆಯಲ್ಲಿ ಮಾರುವವರ ಸಾಲು ನೋಡಿದರೆ ಸಾಕು, ಗಂಡಸರನ್ನು ಹುಡುಕಬೇಕು!

ಚದುರಿದ ಜೀವಗಳನ್ನು ಕರೆಯುವ ದಾರ

ಲುವಾಂಗ್ ಪ್ರಬಾಂಗ್‌ನಿಂದ ಉತ್ತರಕ್ಕೆ ನೋಂಗ್ ಖಿಯಾವ್. ನಾಮ್ ಊ ನದಿಯ ಎರಡೂ ಬದಿಗೆ ಗೋಡೆಯಂತೆ ಎದ್ದ ಸುಣ್ಣಕಲ್ಲಿನ ಬೆಟ್ಟಗಳು. ಮೊದಲು ಲುವಾಂಗ್ ಪ್ರಬಾಂಗ್‌ನಿಂದ ಇಲ್ಲಿಗೆ ದೋಣಿಯಲ್ಲೇ ಬರಬಹುದಿತ್ತಂತೆ. ಈ ನದಿಗೆ ಏಳು ಅಣೆಕಟ್ಟು ಕಟ್ಟಿದ ಮೇಲೆ ಆ ದಾರಿ ನಿಂತಿತು. ನೋಂಗ್ ಖಿಯಾವ್‌ನಿಂದ ಮೇಲಕ್ಕೆ ಮಾತ್ರ ಒಂದು ತಾಸು ದೋಣಿಯಲ್ಲಿ ಹೋದರೆ ಮುವಾಂಗ್ ಙೋಯ್ ಎಂಬ ಹಳ್ಳಿ. ನೋಡಿದಿರಾ, ನಮ್ಮ ಅಕ್ಷರಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ 'ಙ' ಅಕ್ಷರಕ್ಕೆ ಅಲ್ಲಿ ಊರಿನ ಹೆಸರಲ್ಲೇ ಕೆಲಸ ಸಿಕ್ಕಿದೆ!

ಒಂದೇ ಬೀದಿಯ ಆ ಹಳ್ಳಿಯಲ್ಲಿ ಆರು ದಿನ ಇದ್ದೆವು. ಬೆಳಿಗ್ಗೆ ನದಿಯ ಮೇಲೆ ಮಂಜು. ಗದ್ದೆಯ ಬದುವಿನ ಮೇಲೆ ನಡೆದು ಪಕ್ಕದ ಹಳ್ಳಿಗೆ ಹೋಗುವುದು, ಹೊಳೆಯಲ್ಲಿ ಕಾಲಿಟ್ಟು ಕೂರುವುದು, ಮಧ್ಯಾಹ್ನ ನಿದ್ದೆ. ಟೀವಿ ಇಲ್ಲ, ಫೋನು ಸರಿಯಾಗಿ ಸಿಗುವುದಿಲ್ಲ. ಮೂವತ್ತು ವರ್ಷ ಜೊತೆಗಿದ್ದ ಗಂಡ ಹೆಂಡತಿ ಮಕ್ಕಳ ಫೀಸು, ಸಾಲದ ಕಂತು, ಅತ್ತೆಯವರ ಔಷಧಿ ಬಿಟ್ಟು ಬೇರೆ ಮಾತನಾಡಿದ್ದು ಎಷ್ಟೋ ಕಾಲದ ಮೇಲೆ. ಅವರಿಗೆ ಚಿಕ್ಕಂದಿನಲ್ಲಿ ಈಜು ಬರುತ್ತಿತ್ತು ಎಂಬುದು ನನಗೆ ತಿಳಿದದ್ದೇ ಅಲ್ಲಿ!

ನಾವಿದ್ದ ಮನೆಯೊಡತಿ ನನಗಿಂತ ಹತ್ತು ವರ್ಷ ಹಿರಿಯಳು. ನಾನು 'ಮೇ' ಎಂದೇ ಕರೆಯುತ್ತಿದ್ದೆ. ಅವಳ ಕಿರಿಮಗಳು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ನಡುವೆ ನಿಂತು ಮಾತು ದಾಟಿಸುತ್ತಿದ್ದಳು. ಒಂದು ದಿನ ಅವಳ ಅಕ್ಕನ ಮಗ ಕೆಲಸಕ್ಕೆಂದು ವಿಯೆಂಟಿಯಾನ್‌ಗೆ ಹೊರಟಿದ್ದ. ಅವನಿಗಾಗಿ 'ಬಾಸಿ' ಎಂಬ ಶಾಸ್ತ್ರ. ನಮ್ಮನ್ನೂ ಕೂರಿಸಿಕೊಂಡರು.

ಬಾಸಿ ಎಂದರೇನು? ಮನುಷ್ಯನ ಮೈಯಲ್ಲಿ ಮೂವತ್ತೆರಡು 'ಖ್ವಾನ್'ಗಳು, ಅಂದರೆ ಜೀವಚೈತನ್ಯಗಳು, ಇವೆ ಎಂಬುದು ಅವರ ನಂಬಿಕೆ. ಹೆದರಿದಾಗ, ಕಾಯಿಲೆ ಬಿದ್ದಾಗ, ದೂರ ಹೋದಾಗ ಅವು ಮೈಬಿಟ್ಟು ಅಲೆಯುತ್ತವಂತೆ. ಅವನ್ನು ಕರೆದು ಮತ್ತೆ ಮೈಸೇರಿಸುವುದೇ ಬಾಸಿ. ಬಾಳೆಲೆಯನ್ನು ಮಡಿಸಿ ಗೋಪುರ ಮಾಡಿ, ಚೆಂಡುಹೂ ಸಿಕ್ಕಿಸಿ, ಬಿಳಿಯ ಹತ್ತಿ ನೂಲುಗಳನ್ನು ಇಳಿಬಿಟ್ಟಿರುತ್ತಾರೆ. ಊರ ಹಿರಿಯರು ಮಂತ್ರದಂತೆ ಏನೋ ಹೇಳಿ ಖ್ವಾನ್‌ಗಳನ್ನು ಕರೆಯುತ್ತಾರೆ. ಆಮೇಲೆ ಒಬ್ಬೊಬ್ಬರೂ ಬಂದು ಮಣಿಕಟ್ಟಿಗೆ ನೂಲು ಕಟ್ಟಿ ಹರಸುತ್ತಾರೆ. ಮುಂದೆ ಕೂತವರ ಮೊಣಕೈಯನ್ನು ಹಿಂದಿನವರು ಮುಟ್ಟಿಕೊಂಡಿರಬೇಕು. ಹೀಗೆ ಕೋಣೆಯಲ್ಲಿದ್ದವರೆಲ್ಲ ಒಂದೇ ಸರಪಣಿ. ಮೂರು ದಿನವಾದರೂ ಆ ದಾರ ತೆಗೆಯಬಾರದು, ಕತ್ತರಿಸಲಂತೂ ಬಾರದು.

ಮದುವೆಯ ಕಂಕಣ, ಅನಂತನ ದಾರ, ಮಗುವಿಗೆ ದೃಷ್ಟಿಯ ಕಪ್ಪುದಾರ ಕಟ್ಟುವ ನಾವು ಇದನ್ನು ಅರ್ಥಮಾಡಿಕೊಳ್ಳಲು ಪುಸ್ತಕ ಓದಬೇಕಿಲ್ಲ. 'ಮೇ' ನನ್ನ ಕೈಗೆ ನೂಲು ಕಟ್ಟುತ್ತ ಹೇಳಿದ್ದನ್ನು ಮಗಳು ತಿಳಿಸಿದಳು: "ಚದುರಿದ್ದೆಲ್ಲ ಮನೆಗೆ ಬರಲಿ." ಆ ಹೆಂಗಸು ಎಂಥ ಬಾಲ್ಯ ಕಳೆದು ಬಂದು ಈ ಮಾತು ಹೇಳಿದಳು ಎಂಬುದು ತಿಳಿದದ್ದು ಅದೇ ಸಂಜೆ. ಆರೇಳು ವರ್ಷದ ಹುಡುಗಿಯಾಗಿದ್ದಾಗ ಅವಳು ಅಮ್ಮನ ಜೊತೆ ಗವಿಯಲ್ಲಿ ಬದುಕಿದ್ದಳು.

ಒಲೆಯ ಕೆಳಗಿನ ಬಾಂಬು

ಇದನ್ನು ಹೇಳದೆ ಲಾವೋಸ್ ಚಂದ ಎಂದರೆ ಅರ್ಧ ಸುಳ್ಳು ಹೇಳಿದಂತೆ. 1964ರಿಂದ 1973ರವರೆಗೆ, ಪಕ್ಕದ ವಿಯೆಟ್ನಾಂ ಯುದ್ಧದ ನೆವದಲ್ಲಿ, ಅಮೆರಿಕ ಈ ಪುಟ್ಟ ದೇಶದ ಮೇಲೆ ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಸಿತು. ವಿಮಾನಗಳು ಬಂದು ಹೋದದ್ದು 5,80,000 ಸಲ. ಒಂಬತ್ತು ವರ್ಷ, ಹಗಲು ರಾತ್ರಿ, ಎಂಟು ನಿಮಿಷಕ್ಕೊಂದು ವಿಮಾನದಷ್ಟು ಬಾಂಬು ಬಿದ್ದ ಲೆಕ್ಕ ಇದು. ನೋಂಗ್ ಖಿಯಾವ್ ಹತ್ತಿರದ ಫಾ ಟೋಕ್ ಗವಿಯಲ್ಲಿ ಊರಿಗೆ ಊರೇ ಅಡಗಿ ಬದುಕಿತ್ತು. ಗವಿಯೊಳಗೆ ಒಲೆ ಹೂಡಿ, ಮಕ್ಕಳನ್ನು ಹೆತ್ತು, ರಾತ್ರಿ ಹೊತ್ತು ಗದ್ದೆ ಕೆಲಸ ಮಾಡಿದವರಿದ್ದಾರೆ.

ದೊಡ್ಡ ಬಾಂಬುಗಳ ಹೊಟ್ಟೆಯೊಳಗೆ ಕಿತ್ತಳೆ ಗಾತ್ರದ ಮರಿಬಾಂಬುಗಳು. ಅಂಥವು ಸುಮಾರು 27 ಕೋಟಿ ಬಿದ್ದವು. ಸಿಡಿಯದೆ ಮಣ್ಣು ಸೇರಿದವು ಸುಮಾರು 8 ಕೋಟಿ ಎಂದು ಅಂದಾಜು. ಜನ ಇದನ್ನು 'ಬೋಂಬಿ' ಎನ್ನುತ್ತಾರೆ. ಯುದ್ಧ ಮುಗಿದ ಮೇಲೂ ಇಪ್ಪತ್ತು ಸಾವಿರ ಮಂದಿ ಇವುಗಳಿಂದ ಸತ್ತರು ಅಥವಾ ಅಂಗ ಕಳೆದುಕೊಂಡರು. ಆಟದ ಚೆಂಡೆಂದು ಎತ್ತಿಕೊಂಡ ಮಕ್ಕಳು, ಗುದ್ದಲಿ ಹಾಕಿದ ರೈತರು. ಅಂಗಳದಲ್ಲೋ ಗದ್ದೆಯಲ್ಲೋ ಮೂರು ಕಲ್ಲಿಟ್ಟು ಬೆಂಕಿ ಹೊತ್ತಿಸಿದ ಹೆಂಗಸರೂ ಇದ್ದಾರೆ. ಒಲೆಯ ಕಾವಿಗೆ ಕೆಳಗಿದ್ದ ಬಾಂಬು ಸಿಡಿಯುತ್ತದೆ. ನಾವು ದಿನಕ್ಕೆ ಮೂರು ಸಲ ಯೋಚನೆಯೇ ಇಲ್ಲದೆ ಒಲೆ ಹೊತ್ತಿಸುತ್ತೇವೆ. ಅನ್ನ ಬೇಯಿಸಲು ಕಡ್ಡಿ ಗೀರುವಾಗ ಕೈ ನಡುಗುವ ಹೆಂಗಸರೂ ಈ ಭೂಮಿಯ ಮೇಲಿದ್ದಾರೆ.

ಈ ಬಾಂಬಿನ ಮಳೆ ಅತಿ ಹೆಚ್ಚು ಸುರಿದದ್ದು ಸಿಯೆಂಗ್ ಖುವಾಂಗ್ ಪ್ರಾಂತದಲ್ಲಿ. ಅದರ ಮುಖ್ಯ ಊರು ಫೋನ್ಸವನ್. ಹೆಸರಿನ ಅರ್ಥ 'ಸ್ವರ್ಗದ ಗುಡ್ಡ'! ಅಲ್ಲಿಯ ಹುಲ್ಲುಗಾವಲಿನಲ್ಲಿ ಆಳೆತ್ತರದ ಕಲ್ಲಿನ ಗುಡಾಣಗಳು ಚೆಲ್ಲಾಡಿವೆ. ಎಲ್ಲ ತಾಣಗಳೂ ಸೇರಿ ಎರಡು ಸಾವಿರದ ನೂರಕ್ಕೂ ಹೆಚ್ಚು. ದೈತ್ಯರಾಜನೊಬ್ಬ ಗೆಲುವಿನ ಹಬ್ಬಕ್ಕೆ ಮದ್ಯ ತುಂಬಿಡಲು ಮಾಡಿಸಿದ ಎಂದು ಕತೆ. 1930ರ ದಶಕದಲ್ಲಿ ಮಡಲೀನ್ ಕೊಲಾನಿ ಎಂಬ ಫ್ರೆಂಚ್ ಮಹಿಳೆ ಕಾಡುಮೇಡು ಅಲೆದು ಅಗೆದು ನೋಡಿ, ಇವು ಶವಸಂಸ್ಕಾರಕ್ಕೆ ಸಂಬಂಧಿಸಿದವು ಎಂದು ತೋರಿಸಿದಳು. 2019ರಲ್ಲಿ ಇದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ನಡೆಯುವಾಗ ನೆಲದಲ್ಲಿ ಹೂತ ಕೆಂಪು ಬಿಳಿ ಗುರುತಿನ ಇಟ್ಟಿಗೆ ನೋಡಿಕೊಂಡೇ ಹೆಜ್ಜೆ ಇಡಬೇಕು. ಬಿಳಿಯ ಬದಿ ಪೂರ್ತಿ ಶೋಧಿಸಿದ ನೆಲ.

ಶೋಧಿಸುವವರು ಯಾರು? ಅವರಲ್ಲಿ ಬಹಳ ಮಂದಿ ಹೆಂಗಸರೇ! 1994ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಮ್ಯಾಗ್ ಎಂಬ ಬ್ರಿಟಿಷ್ ಸಂಸ್ಥೆಯಲ್ಲಿ ಬರೀ ಹೆಂಗಸರ ತಂಡಗಳೇ ಇದ್ದವು. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ಲೋಹ ಹುಡುಕುವ ಕೋಲು ಹಿಡಿದು, ಅಂಗುಲ ಅಂಗುಲ ನೆಲ ತಡವುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆ ಬೇಕು ಆ ಕೆಲಸಕ್ಕೆ. ಒಂದು ಕಲ್ಲು ಕಣ್ತಪ್ಪಿದರೆ ಮಾತ್ರ ಹಲ್ಲಲ್ಲ, ಪ್ರಾಣವೇ ಹೋಗುತ್ತದೆ.

ಇನ್ನು ಬಾಂಬಿನ ಚಿಪ್ಪುಗಳು? ಅವು ಅಂಗಳದಲ್ಲಿ ಹೂಕುಂಡ, ಕಣಜಕ್ಕೆ ಕಂಬ, ಬೇಲಿಗೆ ಗೂಟ. ಒಂದು ಮನೆಯ ಮುಂದೆ ಉದ್ದದ ಬಾಂಬುಚಿಪ್ಪಿನಲ್ಲಿ ಮಣ್ಣು ತುಂಬಿ ಈರುಳ್ಳಿಸೊಪ್ಪು ಬೆಳೆಸಿದ್ದರು. ಬಾನ್ ನಾಪಿಯಾ ಎಂಬ ಹಳ್ಳಿಯಲ್ಲಿ ಯುದ್ಧದ ಅಲ್ಯುಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ದು ಚಮಚ ಮಾಡುತ್ತಾರೆ. ಕೊಲ್ಲಲು ಬಂದ ಲೋಹದಲ್ಲಿ ಮಗುವಿಗೆ ಗಂಜಿ ಕುಡಿಸುವುದೆಂದರೆ!

ವಿಯೆಂಟಿಯಾನ್‌ನ ಕೋಪ್ ಕೇಂದ್ರದಲ್ಲಿ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೊಡುತ್ತಾರೆ. ನಮ್ಮ ಜೈಪುರದ ಕಾಲು ನೆನಪಾಯಿತು. ಹೊಸ ಕಾಲು ಬಂದ ಮೇಲೆ ಜನ ಬಿಟ್ಟುಹೋದ ಹಳೆಯ ಕಾಲುಗಳ ರಾಶಿ ಅಲ್ಲಿದೆ. ಮರ, ಬಿದಿರು, ತಗಡಿನಿಂದ ಮನೆಯಲ್ಲೇ ಮಾಡಿಕೊಂಡವು. ಯಾರೋ ತಾಯಿ, ಯಾರೋ ಅಣ್ಣ ಕೂತು ಕೆತ್ತಿದ್ದಿರಬೇಕು. ನಮ್ಮವರು ಅದರ ಮುಂದೆ ಬಹಳ ಹೊತ್ತು ಮಾತಿಲ್ಲದೆ ನಿಂತರು.

ಇಂಥ ಬಾಂಬುಗಳನ್ನು ನಿಷೇಧಿಸುವ ಒಪ್ಪಂದ 2010ರಲ್ಲಿ ಜಾರಿಗೆ ಬಂದಿತು. ಅದರ ಮೊದಲ ಸಭೆ ಸೇರಿದ್ದು ವಿಯೆಂಟಿಯಾನ್‌ನಲ್ಲೇ. 2016ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಅಲ್ಲಿಗೆ ಬಂದು, ಮೂರು ವರ್ಷಕ್ಕೆ 9 ಕೋಟಿ ಡಾಲರ್ ನೆರವು ಘೋಷಿಸಿದರು. ಅಪಘಾತಗಳು ಮೊದಲಿಗಿಂತ ಬಹಳ ಕಡಿಮೆಯಾಗಿವೆ. ಆದರೆ ನಿಂತಿಲ್ಲ.

'ಚದುರಿದ್ದೆಲ್ಲ ಮನೆಗೆ ಬರಲಿ' ಎಂಬ ಹರಕೆಯ ತೂಕ ಈಗ ನಿಮಗೂ ತಿಳಿಯಿತಲ್ಲವೇ? ಬೆಳಗಿನ ಅನ್ನ, ಅಜ್ಜಿಯ ಅಂಚು, ಮಣಿಕಟ್ಟಿನ ನೂಲು ಇವೆಲ್ಲ ನೋಡಲು ಸಣ್ಣ ಕೆಲಸಗಳು. ಲೆಕ್ಕಕ್ಕೆ ಸಿಗದವು, ಸಂಬಳವಿಲ್ಲದವು. ನಾವೂ ಅಂಥವನ್ನೇ ದಿನವೂ ಮಾಡಿ, "ನಾನೇನು ಮಹಾ ಮಾಡ್ತೀನಿ, ಮನೇಲೇ ಇರ್ತೀನಿ" ಎಂದುಬಿಡುತ್ತೇವೆ. ಲಾವೋಸ್ ನೋಡಿ ಬಂದ ಮೇಲೆ ಆ ಮಾತು ನನ್ನ ಬಾಯಲ್ಲಿ ಬರುತ್ತಿಲ್ಲ.

ಹೊರಡುವವರಿಗೆ ನಾಲ್ಕು ಮಾತು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಟ್ಟದ ಊರುಗಳಲ್ಲಿ ಬೆಳಿಗ್ಗೆ ಚಳಿ ಇರುತ್ತದೆ, ಸ್ವೆಟರ್ ಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಹೊಲ ಸುಡುವುದರಿಂದ ಉತ್ತರದಲ್ಲೆಲ್ಲ ಹೊಗೆ. ಉಬ್ಬಸ ಇರುವವರು ಹೋಗಬಾರದು. ಏಪ್ರಿಲ್ ನಡುವೆ, ನಮ್ಮ ಕರಾವಳಿಯ ಸೌರಮಾನ ಯುಗಾದಿಯ ದಿನಗಳಲ್ಲೇ, ಅವರ ಹೊಸವರ್ಷ. ಅಂದು ಬೀದಿಗಿಳಿದವರೆಲ್ಲ ನೀರಿನಲ್ಲಿ ತೋಯ್ದೇ ಮನೆ ಸೇರಬೇಕು!

ಹೆಚ್ಚು ಊರು ನೋಡುವ ಆಸೆ ಬಿಡಿ. ಮೂರು ವಾರಕ್ಕೆ ನಾಲ್ಕು ಊರು ಸಾಕು. ಹಳ್ಳಿಯ ವಸತಿಗೃಹದಲ್ಲಿ ಇಬ್ಬರ ಕೋಣೆಗೆ ನಾವು ಕೊಟ್ಟದ್ದು ದಿನಕ್ಕೆ ಎಂಟುನೂರರಿಂದ ಸಾವಿರದ ಇನ್ನೂರು ರೂಪಾಯಿ. ಬೆಟ್ಟದ ದಾರಿ ಆಗುಂಬೆ ಘಾಟಿಯನ್ನು ಹತ್ತು ಸಲ ಹತ್ತಿಳಿದಂತೆ. ವಾಂತಿಯ ಮಾತ್ರೆ ಇರಲಿ. ಕುದಿಸಿದ ಅಥವಾ ಬಾಟಲಿಯ ನೀರನ್ನೇ ಕುಡಿಯಿರಿ. ಯಾರ ತಲೆಯನ್ನೂ ಮುಟ್ಟಬೇಡಿ, ಬುದ್ಧನ ಕಡೆಗೆ ಕಾಲು ಚಾಚಬೇಡಿ. ಗದ್ದೆ ಬೆಟ್ಟಗಳಲ್ಲಿ ಜನ ನಡೆದ ಹಾದಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬೇಡಿ. ವೀಸಾದ ನಿಯಮ ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಮಾಡಿ ನೋಡಿ: ಜೇವ್ ಮಾಕ್ ಖುವಾ (ಲಾವೋ ಬದನೆ ಗೊಜ್ಜು)

ಬೇಕಾಗುವ ಸಾಮಾನು: ದೊಡ್ಡ ಬದನೆಕಾಯಿ 2, ಹಸಿಮೆಣಸಿನಕಾಯಿ 4, ಬೆಳ್ಳುಳ್ಳಿ 6 ಎಸಳು, ಸಾಂಬಾರ್ ಈರುಳ್ಳಿ 4, ಕೊತ್ತಂಬರಿ ಸೊಪ್ಪು, ಈರುಳ್ಳಿಸೊಪ್ಪು, ಅರ್ಧ ನಿಂಬೆಹಣ್ಣು, ಉಪ್ಪು.

ಮಾಡುವ ವಿಧಾನ: ಬದನೆಕಾಯಿಗೆ ಅಲ್ಲಲ್ಲಿ ಚುಚ್ಚಿ ಕೆಂಡದಲ್ಲಿ ಅಥವಾ ಗ್ಯಾಸಿನ ಉರಿಯ ಮೇಲೆ ಸಿಪ್ಪೆ ಕರಿಯಾಗುವವರೆಗೆ ಸುಡಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿಯನ್ನು ಸಿಪ್ಪೆ ಸಮೇತ ಕಡ್ಡಿಗೆ ಚುಚ್ಚಿ ಹಾಗೆಯೇ ಸುಟ್ಟುಕೊಳ್ಳಿ. ಎಲ್ಲದರ ಸಿಪ್ಪೆ ತೆಗೆಯಿರಿ. ಒರಳಲ್ಲಿ ಮೊದಲು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿ, ಆಮೇಲೆ ಈರುಳ್ಳಿ, ಕೊನೆಗೆ ಬದನೆ ಹಾಕಿ ಮೆಲ್ಲಗೆ ಕುಟ್ಟಿ. ಮಿಕ್ಸಿ ಬೇಡ, ನುಣ್ಣಗಾಗಿ ರುಚಿ ಕೆಡುತ್ತದೆ. ನಿಂಬೆರಸ ಹಿಂಡಿ, ಸಣ್ಣಗೆ ಹೆಚ್ಚಿದ ಸೊಪ್ಪು ಬೆರೆಸಿ. ಅವರು ಮೀನಿನ ರಸ ಹಾಕುವ ಜಾಗದಲ್ಲಿ ನಮಗೆ ಉಪ್ಪು, ನಿಂಬೆ ಸಾಕು. ಒಗ್ಗರಣೆ ಇಲ್ಲ, ಎಣ್ಣೆಯ ಹನಿಯೂ ಇಲ್ಲ!

ಅಂಟಕ್ಕಿ ಸಿಕ್ಕದಿದ್ದರೆ ಚಿಂತೆಯಿಲ್ಲ. ಅಕ್ಕಿರೊಟ್ಟಿಗೂ ಜೋಳದ ರೊಟ್ಟಿಗೂ ಚೆನ್ನಾಗಿ ಹೊಂದುತ್ತದೆ. ಆದರೆ ತಟ್ಟೆಗೆ ಬೇರೆಬೇರೆ ಬಡಿಸಬೇಡಿ. ಗೊಜ್ಜಿನ ಬಟ್ಟಲನ್ನು ನಡುವೆ ಇಟ್ಟು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನಿ. ಬಡಿಸುವವರೂ ಜೊತೆಗೇ ಕೂರಬೇಕು. ಲಾವೋಸ್‌ನ ಕ್ರಮ ಅದು.